ಮನೆಯಲ್ಲಿ ಸಿಕ್ಕ ಹಳೇ ತಾಮ್ರದ ಕಾಸು ಯಾರ ಕಾಲದ್ದು? ತೊಳೆಯುವ ಮುಂಚೆ ಮಾಡಬೇಕಾದ ಕೆಲಸಗಳು, ಒಂದೊಂದಾಗಿ

ಹಳೇ ಡಬ್ಬಿಯಲ್ಲಿ ಸಿಕ್ಕ ತಾಮ್ರದ ಕಾಸು ತಂದು "ಇದು ಯಾವ ಕಾಲದ್ದು ಸ್ವಲ್ಪ ನೋಡಿ" ಅಂತ ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ ಕಡೆಯ ಹಳೇ ಮನೆಗಳಲ್ಲಿ ಇಂಥ ಕಾಸು ಒಂದೆರಡಾದರೂ ಇದ್ದೇ ಇರುತ್ತವೆ. ಆದರೆ ಬರುವಷ್ಟರಲ್ಲಿ ಹುಣಸೆಹಣ್ಣು ಹಾಕಿ ಉಜ್ಜಿಬಿಟ್ಟಿರುತ್ತಾರೆ. ಇಲ್ಲ ಅಂದರೆ ಆನೆ ಕಂಡ ಕೂಡಲೇ ಟಿಪ್ಪು ಕಾಸು ಅಂತ ತೀರ್ಮಾನ ಆಗಿಹೋಗಿರುತ್ತದೆ. ಇನ್ನು ಕೆಲವರು ಇಸವಿಯನ್ನು ಎಡದಿಂದ ಓದಿ, ಅರ್ಥವಾಗದೆ, ಕಾಸನ್ನೇ ನಕಲಿ ಅಂದುಕೊಂಡಿರುತ್ತಾರೆ.

ಈ ಮೂರು ತಪ್ಪಿಗೂ ಕಾರಣ ಒಂದೇ. ಕೆಲಸದ ಕ್ರಮ ಹಿಂದುಮುಂದಾಗಿರುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದ ಸಾಲಿನಲ್ಲೇ ಮಾಡಿ. ಹಾರಿಸಿ ಅಂತ ನಾನೇ ಹೇಳಿದ ಕಡೆ ಬಿಟ್ಟು ಯಾವುದನ್ನೂ ಹಾರಿಸಬೇಡಿ.

ಬೇಕಾಗುವ ಸಾಮಾನು

10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಟಾರ್ಚು, ಪ್ಲಾಸ್ಟಿಕ್ ವರ್ನಿಯರ್ ಅಳತೆಪಟ್ಟಿ, ಅಯಸ್ಕಾಂತದ ಚೂರು, ಮಡಚಿದ ಟವೆಲ್, ಬಿಳಿ ಕಾಗದ, ಪೆನ್ಸಿಲ್, ಚಿಕ್ಕ ಕಾಗದದ ಕವರು. ಟವೆಲ್ ಸುಮ್ನೆ ಹೇಳಿದ್ದಲ್ಲ. ಕಾಸನ್ನು ಅದರ ಮೇಲೇ ಹಿಡಿದು ನೋಡಿ. ಗ್ರಾನೈಟ್ ನೆಲದ ಮೇಲೆ ಬಿದ್ದರೆ ಅಂಚು ನೆಗ್ಗುತ್ತದೆ.

ತೂಕಕ್ಕೆ 0.01 ಗ್ರಾಂವರೆಗೆ ತೋರಿಸುವ ತಕ್ಕಡಿ ಬೇಕು. ಅಡುಗೆಮನೆಯ ತಕ್ಕಡಿ ಸಾಲದು. ಹೊಸದು ಕೊಳ್ಳಬೇಕಾಗಿಲ್ಲ, ಗೊತ್ತಿರುವ ಅಕ್ಕಸಾಲಿಗರ ಅಂಗಡಿಗೆ ಹೋದರೆ ಒಂದು ನಿಮಿಷದ ಕೆಲಸ. "ಬರೀ ತೂಕ ಮಾಡಿ, ಪಾಲಿಶ್ ಬೇಡ" ಅಂತ ಕೊಡುವ ಮುಂಚೆಯೇ ಹೇಳಿ.

ಹಂತ 1: ಕಾಸು ಹೇಗಿದೆಯೋ ಹಾಗೇ ಇರಲಿ

ಹುಣಸೆಹಣ್ಣು, ನಿಂಬೆಹಣ್ಣು, ವಿನಿಗರ್, ಪಾತ್ರೆ ಪುಡಿ, ವಿಭೂತಿ, ಟೂತ್‌ಪೇಸ್ಟ್ ಯಾವುದನ್ನೂ ಮುಟ್ಟಿಸಬೇಡಿ. ಹುಣಸೆಹಣ್ಣಿನ ಹುಳಿ ತಾಮ್ರದ ಮೇಲಿನ ಕಂದು ಪದರವನ್ನು ತಿಂದುಹಾಕುತ್ತದೆ. ಇನ್ನೂರು ವರ್ಷದಲ್ಲಿ ಕೂತ ಪದರ ಅದು. ಸವಕಲು ಕಾಸಿನಲ್ಲಿ ಅಕ್ಷರ ಅಂತ ಉಳಿದಿದ್ದರೆ ಬಹಳ ಸಲ ಆ ಪದರದ ಬಣ್ಣದ ವ್ಯತ್ಯಾಸದಲ್ಲೇ ಉಳಿದಿರುತ್ತದೆ. ತಗ್ಗಿನಲ್ಲಿ ಕಪ್ಪು, ಉಬ್ಬಿನಲ್ಲಿ ಕಂದು. ಆ ವ್ಯತ್ಯಾಸ ಹೋದ ಮೇಲೆ ಗುಲಾಬಿ ಬಣ್ಣದ ಬೋಳು ಬಿಲ್ಲೆ ಮಾತ್ರ ಕೈಗೆ ಬರುತ್ತದೆ.

ಪಾಂಡವಪುರದ ಹತ್ತಿರದ ನಮ್ಮ ದೊಡ್ಡಮ್ಮ ಎಲೆಅಡಿಕೆ ಚೀಲದಲ್ಲಿ ಎರಡು ಕಾಸು ಇಟ್ಟುಕೊಂಡಿದ್ದರು. ಒಂದನ್ನು ನನ್ನ ಕೈಗಿಟ್ಟು, "ಹುಣಸೆಹಣ್ಣಲ್ಲಿ ಉಜ್ಜಿವ್ನಿ ಕಣಪ್ಪ, ಹೆಂಗ್ ಫಳಫಳ ಅಂತದೆ ನೋಡು" ಅಂದರು. ನಿಜವಾಗಲೂ ಹೊಳೆಯುತ್ತಿತ್ತು. ಆನೆಯ ಬೆನ್ನಿನ ಗೆರೆ ಬಿಟ್ಟರೆ ಇನ್ನೇನೂ ಇರಲಿಲ್ಲ. ಇನ್ನೊಂದನ್ನು ಉಜ್ಜುವಷ್ಟರಲ್ಲಿ ನಾನು ಹೋಗಿದ್ದೆ. ಈ ಬರಹದಲ್ಲಿ ಮುಂದೆ ಉದಾಹರಣೆಗೆ ಬರುವುದು ಆ ಎರಡನೇ ಕಾಸೇ.

ಪೂಜೆಗೂ ಇದೇ ಮಾತು. ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶದೊಳಗೆ ಹಳೇ ತಾಮ್ರದ ಕಾಸು ಹಾಕುವ ಮನೆಗಳಿವೆ. ನೀರು, ಅರಿಶಿನ, ಕುಂಕುಮ ಸೇರಿ ಒಂದು ರಾತ್ರಿ ಇದ್ದರೂ ಕಿಲುಬು ಹಿಡಿಯಲು ಶುರುವಾಗುತ್ತದೆ. ಕಳಶದೊಳಕ್ಕೆ ಈಗಿನ ನಾಣ್ಯ ಹಾಕಿ, ಹಳೇದನ್ನು ಕವರಿನಲ್ಲಿಟ್ಟು ಪಕ್ಕದ ತಟ್ಟೆಯಲ್ಲಿಡಿ. ಪೂಜೆಗೆ ಏನೂ ಕಮ್ಮಿಯಾಗುವುದಿಲ್ಲ.

ಹಂತ 2: ಅಯಸ್ಕಾಂತ, ತೂಕ, ಅಗಲ

ಮೊದಲು ಅಯಸ್ಕಾಂತ. ತಾಮ್ರ ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣ ಇದೆ, ಅಲ್ಲಿಗೆ ನಿಲ್ಲಿಸಬಹುದು.

ಆಮೇಲೆ ತೂಕ. ತೂಕ ಕಾಸಿನ ಬೆಲೆ ಹೇಳುತ್ತದೆ, ಅಂದರೆ ಅದು ಒಂದು ಪೈಸೆಯೋ, ಅರ್ಧವೋ, ಕಾಲೋ ಅನ್ನುವುದನ್ನು. ಟಿಪ್ಪು ಕಾಲದ ಒಂದು ಪೈಸೆ ಸುಮಾರು 11 ಗ್ರಾಂ. ಎರಡು ಪೈಸೆ ಅದರ ಎರಡರಷ್ಟು, 22 ಗ್ರಾಂ ಮೇಲೆ. ಅರ್ಧ ಪೈಸೆ ಐದೂವರೆ ಗ್ರಾಂ ಆಸುಪಾಸು. ಕಾಲು ಪೈಸೆ ಸುಮಾರು 2.8, ಅರೆಕಾಲು ಪೈಸೆ ಸುಮಾರು 1.4 ಗ್ರಾಂ. ಮುಮ್ಮಡಿ ಕೃಷ್ಣರಾಜ ಒಡೆಯರ 20 ಕಾಸು ಸುಮಾರು 9 ಗ್ರಾಂ, 10 ಕಾಸು ಅದರ ಅರ್ಧ, 5 ಕಾಸು ಅದರ ಕಾಲುಭಾಗ. ಸವೆದಿದ್ದರೆ ಸ್ವಲ್ಪ ಕಡಿಮೆ ಬರುತ್ತದೆ. ಜಾಸ್ತಿ ಬಂದರೆ ಮಾತ್ರ ಅನುಮಾನಪಡಿ, ಯಾಕೆಂದರೆ ಸವೆದ ಕಾಸು ತೂಕ ಏರುವುದಿಲ್ಲ.

ಅಗಲವನ್ನು ಎರಡು ಕಡೆ ಅಳೆಯಿರಿ. ಎರಡು ಅಳತೆಯೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಬಂದರೆ ಕಾಸು ಯಂತ್ರದ್ದು ಇರಬಹುದು. ಮೂರನ್ನೂ ಈಗಲೇ ಬರೆದಿಟ್ಟುಕೊಳ್ಳಿ.

ಹಂತ 3: ಕೈಯಚ್ಚೋ, ಯಂತ್ರದ ಅಚ್ಚೋ

ಕಾಸನ್ನು ನಿಲ್ಲಿಸಿ ಅಂಚು ನೋಡಿ. ಅಂಚು ಒಂದೇ ದಪ್ಪ, ಪೂರ್ತಿ ಗುಂಡಗೆ, ಚಿತ್ರದ ಸುತ್ತ ಸಮನಾದ ಕಟ್ಟು ಇದ್ದರೆ ಯಂತ್ರದ ಅಚ್ಚು. ನೇರ ಹಂತ 7ಕ್ಕೆ ಹೋಗಿ.

ಅಂಚು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು, ಆಕಾರ ಸ್ವಲ್ಪ ಸೊಟ್ಟ, ಚಿತ್ರ ಒಂದು ಬದಿಗೆ ಜರುಗಿದ್ದರೆ ಕೈಯಚ್ಚು. ಟಂಕಸಾಲೆಯಲ್ಲಿ ತಾಮ್ರದ ಬಿಲ್ಲೆಯನ್ನು ಕೆಳಗಿನ ಅಚ್ಚಿನ ಮೇಲಿಟ್ಟು, ಮೇಲಿನ ಅಚ್ಚು ಹಿಡಿದು ಸುತ್ತಿಗೆಯಲ್ಲಿ ಹೊಡೆಯುತ್ತಿದ್ದರು. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಹಾಗಾಗಿ ಅಚ್ಚಿನಲ್ಲಿದ್ದ ಪೂರ್ತಿ ಬರಹ ಬಿಲ್ಲೆಯ ಮೇಲೆ ಬೀಳುತ್ತಿರಲಿಲ್ಲ. ಆನೆಯ ತಲೆ ಇದ್ದು ಬಾಲ ಇಲ್ಲದಿದ್ದರೆ ಕಾಸು ಮುರಿದಿದೆ ಅಂತ ಅರ್ಥವಲ್ಲ. ಬಹಳ ಜನ ಇಲ್ಲೇ ಎಡವುತ್ತಾರೆ. ಒಳ್ಳೆಯ ಕಾಸನ್ನು ಹಾಳಾಗಿದೆ ಅಂತ ಗುಜರಿಗೆ ಹಾಕಿದವರನ್ನೂ ನೋಡಿದ್ದೇನೆ.

ಹಂತ 4: ಬೆಳಕು ಕೊಡಿ, ಕಾಸನ್ನು ನೆಟ್ಟಗೆ ನಿಲ್ಲಿಸಿ

ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಏನೂ ಕಾಣುವುದಿಲ್ಲ. ಬೆಳಕು ಮೇಲಿಂದ ಬರಬಾರದು, ಪಕ್ಕದಿಂದ ಬರಬೇಕು. ಕೋಣೆ ಕತ್ತಲೆ ಮಾಡಿ, ಕಾಸನ್ನು ಟವೆಲ್ ಮೇಲಿಟ್ಟು, ಟಾರ್ಚನ್ನು ಮೇಜಿಗೆ ತಾಗಿಸಿ ಮಲಗಿಸಿ. ಆಗ ಉಬ್ಬಿದ ಪ್ರತಿ ಗೆರೆಗೂ ಒಂದು ನೆರಳು ಬೀಳುತ್ತದೆ. ಕಾಸನ್ನು ನಿಧಾನಕ್ಕೆ ಸುತ್ತಿಸಿ. ಒಂದು ಕೋನದಲ್ಲಿ ಏನೂ ಇಲ್ಲದ ಕಡೆ, ಕಾಲು ಸುತ್ತು ತಿರುಗಿಸಿದರೆ ಸೊಂಡಿಲು ಎದ್ದು ನಿಲ್ಲುತ್ತದೆ.

ಆನೆ ಇದ್ದರೆ ಅದರ ನಾಲ್ಕು ಕಾಲು ನಿಮ್ಮ ಕಡೆಗೆ ಬರುವ ಹಾಗೆ ಇಡಿ. ಕಾಸಿನ ಮುಖದಲ್ಲಿ ಮೇಲೆ ಯಾವುದು, ಕೆಳಗೆ ಯಾವುದು ಅನ್ನುವುದು ಗಟ್ಟಿಯಾಗದೆ ಮುಂದೆ ಹೋಗಬೇಡಿ. ಹಂತ 6ರಲ್ಲಿ ಇದರ ಮಹತ್ವ ಗೊತ್ತಾಗುತ್ತದೆ.

ತುಂಬಾ ಸವೆದಿದ್ದರೆ ತೆಳು ಕಾಗದ ಹಾಸಿ, ಮೆತ್ತಗಿನ ಪೆನ್ಸಿಲನ್ನು ಅಡ್ಡ ಹಿಡಿದು ಹಗುರವಾಗಿ ಎಳೆಯಿರಿ. ಅಕ್ಷರದ ಆಕಾರ ಕಾಗದಕ್ಕೆ ಬರುತ್ತದೆ. ಮೇಲ್ಮೈ ಪುಡಿಪುಡಿಯಾಗಿ ಉದುರುತ್ತಿದ್ದರೆ ಈ ಕೆಲಸ ಬೇಡ.

ಹಂತ 5: ಆನೆ ಇದೆ, ಸರಿ. ಯಾವ ಆನೆ?

ಮೈಸೂರು ಸೀಮೆಯ ತಾಮ್ರದ ಕಾಸಿನ ಮೇಲೆ ಆನೆ ತಂದವರು ಒಬ್ಬರಲ್ಲ. ಯಾವ ಕಾಲದ ಆನೆ ಅಂತ ತಿಳಿಯಲು ಆನೆಯನ್ನೇ ದಿಟ್ಟಿಸಿದರೆ ಸಾಲದು, ಕಾಸನ್ನು ತಿರುಗಿಸಿ ಬೆನ್ನು ನೋಡಬೇಕು.

ಬೆನ್ನಿನಲ್ಲಿ ಅಡ್ಡ ಉದ್ದ ಗೆರೆ ಎಳೆದ ಚೌಕುಳಿ ಇದೆಯಾ? ಚೌಕಗಳ ಒಳಗೆ ಚಿಕ್ಕ ಚುಕ್ಕೆ, ಗುರುತು ಇದೆಯಾ? ಹಾಗಿದ್ದರೆ ಅದು ಹೈದರ್, ಟಿಪ್ಪು ಇಬ್ಬರಿಗೂ ಹಿಂದಿನ ಒಡೆಯರ ಕಾಲದ ಕಾಸು. ಈ ಚೌಕುಳಿ ಬೆನ್ನಿನ ಕಾಸುಗಳಲ್ಲಿ ಇನ್ನೊಂದು ಜಾತಿ ಇದೆ. ಅದರಲ್ಲಿ ಆನೆಯ ಬದಲು ಬರೀ ಒಂದು ಕನ್ನಡ ಅಂಕಿ ಇರುತ್ತದೆ. ಅಂಥದ್ದು ಕೈಗೆ ಬಂದರೆ ಜೋಪಾನ. ಇವು ಚಿಕ್ಕವು, ದಪ್ಪ ದಪ್ಪ. ನೋಡಿದವರು ಗುಂಡಿ ಅಂದುಕೊಂಡು ಎಸೆಯುವುದು ಇವನ್ನೇ.

ಬೆನ್ನಿನಲ್ಲಿ ಬರೀ ಫಾರ್ಸಿ ಬರಹ ಇದ್ದು, ಕನ್ನಡವೂ ಇಂಗ್ಲಿಷೂ ಇಲ್ಲದಿದ್ದರೆ ಹೈದರ್ ಅಥವಾ ಟಿಪ್ಪು. ಆನೆ ಪೈಸೆ ಶುರುವಾಗಿದ್ದು ಹೈದರಾಲಿಯ ಕೊನೆಯ ವರ್ಷಗಳಲ್ಲಿ. ಅವನು 1782ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಹೆಚ್ಚಿನವು ಟಿಪ್ಪುವಿನವೇ. ಈ ತಾಮ್ರದ ಕಾಸುಗಳಲ್ಲಿ ರಾಜನ ಹೆಸರು ಇರುವುದಿಲ್ಲ, ಅದನ್ನು ಹುಡುಕುತ್ತಾ ಕೂರಬೇಡಿ. ಚೆನ್ನಾಗಿ ಉಳಿದ ಕಾಸಿನಲ್ಲಿ ಚಿತ್ರದ ಸುತ್ತ ಎರಡು ಗೆರೆ, ಅವುಗಳ ನಡುವೆ ಚುಕ್ಕೆಗಳ ಸಾಲು ಕಾಣುತ್ತದೆ.

ಆನೆಯ ಮೇಲೆ ಸೂರ್ಯ ಚಂದ್ರ, ನಡುವೆ ಕನ್ನಡದ "ಶ್ರೀ" ಇದ್ದರೆ ಅದು ಮುಮ್ಮಡಿ ಕೃಷ್ಣರಾಜ ಒಡೆಯರದ್ದು, ಅಂದರೆ 1799ರ ನಂತರದ್ದು. ಆಮೇಲಿನ ಕಾಸುಗಳಲ್ಲಿ "ಶ್ರೀ ಚಾಮುಂಡಿ" ಅಂತ ಕನ್ನಡದಲ್ಲಿ, ಬೆಲೆ ಇಂಗ್ಲಿಷಿನಲ್ಲಿ, ಜೊತೆಗೆ ಫಾರ್ಸಿ, ಹೀಗೆ ಮೂರು ಲಿಪಿ ಒಂದೇ ಬಿಲ್ಲೆಯ ಮೇಲೆ ಬರುತ್ತವೆ. ಕೊನೆಕೊನೆಗೆ ಆನೆಯೂ ಹೋಗಿ ಸಿಂಹ ಬಂದಿತು, ಚಾಮುಂಡಿಯ ವಾಹನ. ಎರಡು ಎಕ್ಸ್ ಅಕ್ಷರ ಕಂಡರೆ 20 ಕಾಸು, ಒಂದೇ ಎಕ್ಸ್ ಅಂದರೆ 10, ವಿ ಅಂದರೆ 5. 1843ಕ್ಕೆ ಮೈಸೂರಿನ ಈ ಟಂಕಸಾಲೆ ಕೆಲಸ ನಿಂತಿತು. ಆಮೇಲೆ ಚಲಾವಣೆಗೆ ಬಂದದ್ದೆಲ್ಲ ಕಂಪನಿ, ಬ್ರಿಟಿಷ್ ದುಡ್ಡು.

ಇಲ್ಲೊಂದು ಎಚ್ಚರಿಕೆ. ಎರಡು ಎಕ್ಸ್ ಇದೆ, ಆದರೆ ಕನ್ನಡ ಒಂದಕ್ಷರವೂ ಇಲ್ಲ, ಕಾಸು ಪೂರ್ತಿ ಗುಂಡಗೆ ನಯವಾಗಿದೆ, 1803 ಅಥವಾ 1808 ಅಂತಿದೆ. ಅದು ಮೈಸೂರಿನದಲ್ಲ. ಮದರಾಸು ಪ್ರಾಂತ್ಯಕ್ಕೆ ಅಂತ ಈಸ್ಟ್ ಇಂಡಿಯಾ ಕಂಪನಿ ಇಂಗ್ಲೆಂಡಿನಲ್ಲಿ ಯಂತ್ರದಲ್ಲಿ ಅಚ್ಚು ಹಾಕಿಸಿ ತರಿಸಿದ್ದು. ಹೆಸರು ಒಂದೇ, ಕಾಸು ಬೇರೆ.

ಹಂತ 6: ಟಿಪ್ಪು ಕಾಸಿನ ಇಸವಿ ಮತ್ತು ಊರು ಓದುವುದು

ಫಾರ್ಸಿ ಬರದಿದ್ದರೂ ಇಸವಿ ಓದಬಹುದು. ಈ ಆಕಾರಗಳು ನೆನಪಿರಲಿ. ಒಂದು ಅಂದರೆ ನೆಟ್ಟನೆಯ ಗೀಟು. ಎರಡು ಅಂದರೆ ಅದೇ ಗೀಟಿನ ತಲೆಯಲ್ಲಿ ಬಲಕ್ಕೆ ಒಂದು ಕೊಕ್ಕೆ. ಸೊನ್ನೆ ಅಂದರೆ ಬರೀ ಚುಕ್ಕೆ. ಏಳು ಅಂದರೆ ಇಂಗ್ಲಿಷಿನ ವಿ. ಎಂಟು ಅಂದರೆ ಅದೇ ವಿ ತಲೆಕೆಳಗಾಗಿ, ನಮ್ಮ ಮನೆಗಳ ಮಾಡಿನ ಹಾಗೆ. ಒಂಬತ್ತು ನಾವು ಬರೆಯುವ 9ರ ಹಾಗೇ. ಹಂತ 4ರಲ್ಲಿ ಕಾಸನ್ನು ನೆಟ್ಟಗೆ ನಿಲ್ಲಿಸಿ ಅಂದಿದ್ದು ಇದಕ್ಕೇ. ಕಾಸು ತಲೆಕೆಳಗಾಗಿದ್ದರೆ ಏಳು ಎಂಟಾಗುತ್ತದೆ, ಎಂಟು ಏಳಾಗುತ್ತದೆ.

ಈಗ ಓದುವ ದಿಕ್ಕು. ಟಿಪ್ಪುವಿನ ಮೊದಲ ವರ್ಷಗಳ ಕಾಸಿನಲ್ಲಿ ಹಿಜರಿ ಇಸವಿ ಇದೆ, 1197ರಿಂದ 1200ರ ಆಸುಪಾಸು. ಅಂಕಿಗಳನ್ನು ನಾವು ಓದುವ ಹಾಗೇ ಎಡದಿಂದ ಬಲಕ್ಕೆ ಓದಬೇಕು. ಹಿಜರಿ 1197 ಶುರುವಾಗಿದ್ದು 1782ರ ಡಿಸೆಂಬರ್‌ನಲ್ಲಿ. 1195 ಅಥವಾ 1196 ಅಂತಿದ್ದರೆ ಹೈದರನ ಕಾಲದ್ದು.

ಆಮೇಲೆ ಟಿಪ್ಪು ಮೌಲೂದಿ ಅನ್ನುವ ಹೊಸ ಶಕೆ ತಂದ. ಕಾಸಿನ ಮೇಲೆ ಅದು 1215ರಿಂದ ಬರುತ್ತದೆ. ಜೊತೆಗೆ ಅಂಕಿ ಬರೆಯುವ ದಿಕ್ಕನ್ನೂ ಬದಲಾಯಿಸಿದ, ಬಲದಿಂದ ಎಡಕ್ಕೆ. ಅಂದರೆ 1215 ಅನ್ನುವುದು ನಮ್ಮ ಕಣ್ಣಿಗೆ 5121 ಅಂತ ಕಾಣುತ್ತದೆ. ಜನ ತಪ್ಪುವುದು ಇಲ್ಲಿ. ಎಡತುದಿಯಲ್ಲಿ ಬೇರೆ ಅಂಕಿ, ಆಮೇಲೆ 1, 2, 1 ಅಂತ ಇದ್ದರೆ ಅದು ಮೌಲೂದಿ, ಬಲದಿಂದ ಓದಿ. ಕೊನೆಯ ವರ್ಷಗಳಲ್ಲಿ ನಡುವೆ ಎರಡು 2 ಬರುತ್ತವೆ. 1227 ಎಂಬುದು 7221 ಅಂತ ಕಾಣುತ್ತದೆ.

ನಮ್ಮ ಇಸವಿಗೆ ತರಲು 572 ಕೂಡಿಸಿ. ಬರುವ ವರ್ಷದಲ್ಲಿ ಶುರುವಾಗಿ ಮರುವರ್ಷಕ್ಕೆ ಮುಗಿಯುವ ವರ್ಷ ಅದು. 1215 ಅಂದರೆ 1787–88. 1227 ಅಂದರೆ 1799–1800, ಶ್ರೀರಂಗಪಟ್ಟಣ ಬಿದ್ದ ವರ್ಷ. ಮೌಲೂದಿಯಲ್ಲಿ 1227 ದಾಟಿದ ಇಸವಿಯನ್ನು ಯಾರಾದರೂ ತೋರಿಸಿದರೆ ಮತ್ತೊಮ್ಮೆ ಓದಿ, ಅಂಕಿ ತಪ್ಪಾಗಿ ಓದಿರುತ್ತೀರಿ, ಇಲ್ಲವೇ ಕಾಸು ನಕಲಿ.

ದೊಡ್ಡಮ್ಮನ ಎರಡನೇ ಕಾಸಿಗೆ ಬರೋಣ. ತೂಕ 11.2 ಗ್ರಾಂ, ಹಾಗಾಗಿ ಒಂದು ಪೈಸೆ. ಅಯಸ್ಕಾಂತಕ್ಕೆ ಅಂಟಲಿಲ್ಲ. ಅಂಚು ಒಂದು ಕಡೆ ದಪ್ಪ. ಬಣ್ಣ ಹಳೇ ಬೆಲ್ಲದ ಹಾಗೆ, ತಗ್ಗುಗಳಲ್ಲಿ ಎಲೆಅಡಿಕೆಯ ಸುಣ್ಣ ಕೂತಿತ್ತು. ಟಾರ್ಚು ಮಲಗಿಸಿದಾಗ ಮೊದಲು ಕಂಡದ್ದು ಆನೆಯ ಎರಡು ಮುಂಗಾಲು, ಆಮೇಲೆ ಹೊಟ್ಟೆ, ಎತ್ತಿದ ಬಾಲ. ಆನೆಯ ಬೆನ್ನ ಮೇಲೆ ಎಡದಿಂದ ನೋಡಿದರೆ ಒಂದು ಮಾಡು, ಒಂದು ಗೀಟು, ಕೊಕ್ಕೆಯ ಗೀಟು, ಮತ್ತೆ ಗೀಟು. 8121. ಬಲದಿಂದ ಓದಿದರೆ 1218. 572 ಕೂಡಿಸಿದರೆ 1790. ದೊಡ್ಡಮ್ಮ ಬೆರಳು ಮಡಚಿ ಎಣಿಸುತ್ತಾ, "ನಮ್ಮತ್ತೆಯವರ ಅತ್ತೆ ಕೊಟ್ಟಿದ್ದಂತೆ" ಅಂದರು.

ಊರಿನ ಹೆಸರು ಬೆನ್ನಿನಲ್ಲಿ ಇರುತ್ತದೆ, "ಜರ್ಬ್" ಅನ್ನುವ ಪದದ ಜೊತೆ. ಅಚ್ಚು ಹಾಕಿದ್ದು ಅಂತ ಅದರ ಅರ್ಥ. ನಮ್ಮ ಕಡೆ ಜಾಸ್ತಿ ಸಿಗುವುದು "ಪಟ್ಟಣ್" ಅಂತ ಇರುವವು. ಶ್ರೀರಂಗಪಟ್ಟಣಕ್ಕೆ ಹಳಬರು ಬರೀ ಪಟ್ಟಣ ಅನ್ನುತ್ತಾರಲ್ವಾ, ಅದೇ. "ನಗರ್" ಅಂತಿದ್ದರೆ ಶಿವಮೊಗ್ಗ ಜಿಲ್ಲೆಯ ನಗರ, ಹಳೇ ಬಿದನೂರು. "ಫರ್ರುಖ್‌ಯಾಬ್ ಹಿಸಾರ್" ಅಂದರೆ ಚಿತ್ರದುರ್ಗ. "ನಜರ್‌ಬಾರ್" ಅಂದರೆ ಮೈಸೂರು, ಈಗಿನ ನಜರ್‌ಬಾದ್ ಬಡಾವಣೆಯ ಹೆಸರು ನೆನಪಿಸಿಕೊಳ್ಳಿ. ಫಾರ್ಸಿ ಅಥವಾ ಉರ್ದು ಓದುವ ಹಿರಿಯರು ನಿಮ್ಮ ಬೀದಿಯಲ್ಲೇ ಇರುತ್ತಾರೆ. ಪೆನ್ಸಿಲ್ ಉಜ್ಜಿದ ಕಾಗದ ತೋರಿಸಿ ಕೇಳಿ.

ನಂತರದ ವರ್ಷಗಳ ಕಾಸಿನಲ್ಲಿ ಬೆಲೆಗೂ ಹೆಸರಿದೆ, ಹೆಚ್ಚಿನವು ಆಕಾಶದ ಹೆಸರುಗಳು. ಪೈಸೆಗೆ ಜೊಹ್ರಾ, ಅಂದರೆ ಶುಕ್ರ. ಅರ್ಧ ಪೈಸೆಗೆ ಬಹ್ರಾಮ್, ಮಂಗಳ. ಕಾಲು ಪೈಸೆ ಅಖ್ತರ್, ನಕ್ಷತ್ರ. ಅರೆಕಾಲು ಕುತ್ಬ್, ಧ್ರುವ. ಎರಡು ಪೈಸೆಗೆ ಮೊದಲು ಉಸ್ಮಾನಿ, ಆಮೇಲೆ ಮುಷ್ತರಿ, ಅಂದರೆ ಗುರು. ಹೆಸರು ಮತ್ತು ಹಂತ 2ರ ತೂಕ ತಾಳೆಯಾಗಬೇಕು. ಜೊಹ್ರಾ ಅಂತ ಬರೆದಿದ್ದು ತೂಕ 6 ಗ್ರಾಂ ಇದ್ದರೆ ಏನೋ ಸರಿಯಿಲ್ಲ.

ಹಂತ 7: ಯಂತ್ರದ ಕಾಸುಗಳು

ಇವು ಸುಲಭ, ಇಸವಿ ಇಂಗ್ಲಿಷ್ ಅಂಕಿಯಲ್ಲೇ ಇರುತ್ತದೆ. 1835ರ ಕಂಪನಿ ಕಾಲಾಣೆ ಈ ಕಡೆ ಬೇಕಾದಷ್ಟು ಸಿಗುತ್ತದೆ. ವಿಕ್ಟೋರಿಯಾ ತಲೆಯ ಪಕ್ಕ 1862ರಿಂದ ರಾಣಿ ಅಂತ, 1877ರಿಂದ ಚಕ್ರವರ್ತಿನಿ ಅಂತ ಇರುತ್ತದೆ. ತಾಮ್ರದ ಕಾಲಾಣೆ 6.47 ಗ್ರಾಂ. 1906ರಲ್ಲಿ ತಾಮ್ರ ಬಿಟ್ಟು ಕಂಚಿನಲ್ಲಿ ಮಾಡಲು ಶುರುಮಾಡಿದರು, ತೂಕ 4.86 ಗ್ರಾಂಗೆ ಇಳಿಯಿತು. ಅಗಲ ಅಷ್ಟೇ ಇದ್ದುದರಿಂದ ಕಣ್ಣಿಗೆ ಗೊತ್ತಾಗುವುದಿಲ್ಲ, ತಕ್ಕಡಿಗೆ ಗೊತ್ತಾಗುತ್ತದೆ.

ನಡುವೆ ತೂತಿರುವ ಕಾಸು 1943ರಿಂದ 1947ರವರೆಗಿನದು, ಯುದ್ಧಕಾಲದಲ್ಲಿ ಲೋಹ ಉಳಿಸಲು ಮಾಡಿದ್ದು. ಆ ತೂತು ಸರಿಯಾಗಿ ನಡುವೆ ಇರುತ್ತದೆ. ಅಂಚಿನ ಹತ್ತಿರ ತೂತಿದ್ದರೆ ಯಾರೋ ಮಗುವಿನ ಕೊರಳಿಗೋ ಸೊಂಟಕ್ಕೋ ಕಟ್ಟಲು ಕೊರೆದಿದ್ದು. ಕುದುರೆ ಇರುವ ಪೈಸೆ 1950ರಿಂದ. ನಯಾ ಪೈಸೆ 1957ರಿಂದ 1964ರವರೆಗೆ. ಆಮೇಲಿನ ಅಲ್ಯೂಮಿನಿಯಂ ಪೈಸೆಗಳಲ್ಲಿ ಇಸವಿಯ ಕೆಳಗೆ ನೋಡಿ. ನಕ್ಷತ್ರ ಇದ್ದರೆ ಹೈದರಾಬಾದ್, ವಜ್ರದಾಕಾರ ಇದ್ದರೆ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತ ಟಂಕಸಾಲೆ.

ಒಂದು ಬಿಲ್ಲೆಯ ಬಗ್ಗೆ ಬೇಸರದಿಂದಲೇ ಹೇಳಬೇಕು. ಒಂದು ಕಡೆ ರಾಮ, ಸೀತೆ, ಲಕ್ಷ್ಮಣ, ಆಂಜನೇಯ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ ಹೆಸರು, 1818 ಅಂತಲೋ ಅದಕ್ಕೂ ಹಿಂದಿನ ಇಸವಿಯೋ. ದೇವರಮನೆಯಲ್ಲಿ ತುಂಬಾ ಜನ ಇಟ್ಟುಕೊಂಡಿದ್ದಾರೆ. ಕಂಪನಿ ಇಂಥ ನಾಣ್ಯ ಯಾವತ್ತೂ ಹೊರಡಿಸಿಲ್ಲ. ಅದು ಪೂಜೆಯ ಬಿಲ್ಲೆ. ಪೂಜೆಗೆ ಇಟ್ಟುಕೊಳ್ಳಿ, ಲಕ್ಷಗಟ್ಟಲೆ ಕೊಟ್ಟು ಮಾತ್ರ ಕೊಳ್ಳಬೇಡಿ.

ಹಂತ 8: ನಕಲಿಯ ಗುರುತು

ಕೋಟೆ, ಸ್ಮಾರಕ ನೋಡಲು ಹೋದ ಕಡೆ "ಹೊಲದಲ್ಲಿ ಸಿಕ್ಕಿತು ಸಾರ್" ಅಂತ ಯಾರಾದರೂ ಕಾಸು ಚಾಚಿದರೆ ಮೊದಲು ಅಂಚು ನೋಡಿ. ಅಚ್ಚಿನಲ್ಲಿ ಎರಕ ಹೊಯ್ದ ಕಾಸಿಗೆ ಅಂಚಿನ ಸುತ್ತ ನಡುಗೆರೆ ಇರುತ್ತದೆ, ಅಥವಾ ಅದನ್ನು ಅರದಲ್ಲಿ ಉಜ್ಜಿದ ಗುರುತಿರುತ್ತದೆ. ಭೂತಗನ್ನಡಿಯಲ್ಲಿ ಮೇಲ್ಮೈ ತುಂಬ ಸೂಜಿಮೊನೆಯಷ್ಟು ಗುಂಡನೆ ಗುಳಿ ಕಂಡರೆ ಅವು ಗಾಳಿಗುಳ್ಳೆ. ಅಕ್ಷರಗಳು ಕರಗಿದ ಸೋಪಿನ ಹಾಗೆ ಮೊಂಡಾಗಿರುತ್ತವೆ. ಸವೆದ ಕಾಸಿನಲ್ಲಿ ಎತ್ತರದ ಭಾಗ ಮಾತ್ರ ಸವೆದಿರುತ್ತದೆ, ಎರಕದ ಕಾಸಿನಲ್ಲಿ ತಗ್ಗೂ ಮೊಂಡು.

ಇಬ್ಬರ ಹತ್ತಿರ ಇರುವ ಎರಡು ಕಾಸಿನಲ್ಲಿ ಒಂದೇ ಜಾಗದಲ್ಲಿ ಒಂದೇ ಥರದ ಗೀರು ಇದ್ದರೆ ಎರಡೂ ಒಂದೇ ಎರಕದವು. ಕೈಯಚ್ಚಿನ ಕಾಸುಗಳಲ್ಲಿ ಹಾಗೆ ಎರಡು ಸಿಗುವುದಿಲ್ಲ.

ಹಂತ 9: ಈಗ ಕೊಳೆಯ ವಿಚಾರ

ಓದಿ, ಬರೆದು, ಫೋಟೋ ತೆಗೆದ ಮೇಲೆ ಮಾತ್ರ ಇದಕ್ಕೆ ಬನ್ನಿ. ಬಹಳ ಕಾಸಿಗೆ ಏನೂ ಮಾಡಬೇಕಾಗಿಲ್ಲ. ಮಣ್ಣು, ಸುಣ್ಣ, ಕುಂಕುಮ ಕೂತಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ. ದಿನಾ ನೀರು ಬದಲಾಯಿಸಿ. ನಾಲ್ಕೈದು ದಿನದ ಮೇಲೆ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿ. ಪಿನ್ನು, ಬ್ಲೇಡು ಬೇಡ. ಒರೆಸಬೇಡಿ, ಮೆತ್ತಗಿನ ಬಟ್ಟೆಯಲ್ಲಿ ಒತ್ತಿ ನೀರು ತೆಗೆದು ನೆರಳಿನಲ್ಲಿ ಒಣಗಿಸಿ.

ಕಿಲುಬಿನಲ್ಲಿ ಎರಡು ಬಗೆ. ಗಟ್ಟಿಯಾಗಿ, ನಯವಾಗಿ, ಕಡುಹಸಿರಾಗಿದ್ದರೆ ಅದು ಕಾಸನ್ನು ಕಾಯುತ್ತದೆ, ಮುಟ್ಟಬೇಡಿ. ತಿಳಿಹಸಿರು ಪುಡಿ, ಕಡ್ಡಿ ತಾಗಿಸಿದರೆ ಉದುರುತ್ತದೆ, ಕೆಳಗೆ ಗುಳಿ ಇದೆ ಅಂದರೆ ಅದು ಕಾಸನ್ನು ತಿನ್ನುತ್ತಿದೆ. ಆ ಕಾಸನ್ನು ಇವತ್ತೇ ಬೇರೆ ಮಾಡಿ, ಪೂರ್ತಿ ಒಣಗಿಸಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೆಗೆದು ನೋಡಿ.

ಹಂತ 10: ಇಡುವುದು, ತೋರಿಸುವುದು

ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ ಆಲ್ಬಂ ಬೇಡ. ಕೆಲವು ವರ್ಷಕ್ಕೆ ಅದೇ ಅಂಟಂಟಾಗಿ ಕಾಸಿಗೆ ಹಸಿರು ಹತ್ತಿಸುತ್ತದೆ. ಒಂದು ಕಾಸಿಗೆ ಒಂದು ಕಾಗದದ ಕವರು ಸಾಕು.

ಹೊಲ ಉಳುವಾಗ, ಪಾಯ ತೋಡುವಾಗ ಗಡಿಗೆಯಲ್ಲೋ ಗುಂಪಾಗಿಯೋ ಸಿಕ್ಕಿದ್ದರೆ ಅದು ಮನೆಯ ಕಾಸಲ್ಲ, ನಿಧಿ. ಕಾನೂನಿನ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕು. ಮೊದಲು ತಹಸೀಲ್ದಾರ್ ಕಚೇರಿಗೆ ಹೋಗಿ. 100 ವರ್ಷ ದಾಟಿದ ಕಾಸನ್ನು ಅನುಮತಿ ಇಲ್ಲದೆ ದೇಶದ ಹೊರಗೆ ಕಳಿಸುವಂತಿಲ್ಲ, ಹೊರದೇಶದಲ್ಲಿರುವ ಮಕ್ಕಳಿಗೆ ಪಾರ್ಸೆಲ್ ಮಾಡುವ ಮುಂಚೆ ಇದು ನೆನಪಿರಲಿ.

ಫೋನಿನಲ್ಲಿ "ನಿಮ್ಮ ಕಾಸಿಗೆ ಲಕ್ಷ ಕೊಡುತ್ತೇವೆ, ಮೊದಲು ತೆರಿಗೆ ಕಟ್ಟಿ" ಅಂದರೆ ಇಟ್ಟುಬಿಡಿ. ತಾನು ಹಳೇ ನಾಣ್ಯದ ವ್ಯವಹಾರ ಮಾಡುವುದಿಲ್ಲ, ಅದಕ್ಕೆ ಶುಲ್ಕ, ಕಮಿಷನ್ ಕೇಳುವುದಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಜನರನ್ನು ಎಚ್ಚರಿಸಿದೆ.

ಕವರಿನ ಮೇಲೆ ಬರೆಯುವಾಗ ಕಾಸನ್ನು ಹೊರಗೆ ತೆಗೆದು ಬರೆಯಿರಿ, ಇಲ್ಲದಿದ್ದರೆ ಪೆನ್ನಿನ ಒತ್ತು ಬೀಳುತ್ತದೆ. ತೂಕ, ಅಗಲ, ಇಸವಿ, ಊರು, ಆಮೇಲೆ ಯಾರ ಮನೆಯಿಂದ ಯಾರ ಕೈಗೆ ಬಂತು ಅನ್ನುವುದು. ಈ ಕೊನೆಯದನ್ನು ಎಲ್ಲರೂ ಬಿಡುತ್ತಾರೆ. ದೊಡ್ಡಮ್ಮನ ಕವರಿನ ಮೇಲೆ ಹೀಗಿದೆ: "ಪೈಸೆ, 11.2 ಗ್ರಾಂ, ಮೌಲೂದಿ 1218, ಪಟ್ಟಣ. ದೊಡ್ಡಮ್ಮನ ಅತ್ತೆಯ ಅತ್ತೆಯಿಂದ. ತೊಳೆದಿಲ್ಲ."